ಸೋತ ರಾತ್ರಿಯೇ ತಪ್ಪು ಎಣಿಸಬೇಕೆ?

ಪ್ಯಾರಿಸ್‌ನ ಫ್ರೆಂಚ್ ಓಪನ್ ಟೆನಿಸ್ ಫೈನಲ್ ನಮ್ಮ ಗಡಿಯಾರದಲ್ಲಿ ಸಂಜೆ ಆರೂವರೆಗೆ ಶುರುವಾಗುತ್ತದೆ. ಐದನೇ ಸೆಟ್‌ಗೆ ಹೋದರೆ ನಡುರಾತ್ರಿ. ಮೆಚ್ಚಿನ ಆಟಗಾರ ಸೋತರೆ ಟಿವಿ ಆರುವ ಮೊದಲೇ ಮೊಬೈಲಿನಲ್ಲಿ ಮಾತು ಹೊತ್ತಿಕೊಳ್ಳುತ್ತದೆ, ಬೆಳಗಾವಿಯ ಕೋರ್ಟುಗಳಲ್ಲಿ ಮುಂಜಾನೆ ಆರಕ್ಕೆ ಅದೇ ಮುಂದುವರಿಯುತ್ತದೆ. ಆ ರಾತ್ರಿಯೇ ಅವನ ಆಟದ ತಪ್ಪು ಎತ್ತಿ ಆಡುವುದು ಸರಿಯೇ? ಇಬ್ಬರ ಎರಡು ವಾದ ಕೆಳಗಿವೆ.

ಪರ: ನೆನಪು ಬಿಸಿಯಿದ್ದಾಗಲೇ ಬಿಡಿಸಿ ನೋಡಬೇಕು

ಆನಂದವಾಡಿಯ ಕುಸ್ತಿ ಕಣದಿಂದ ಹೊರಬೀಳುವ ಜನರ ಮಾತಿಗೆ ಕಿವಿಗೊಡಿ. ಮೆಚ್ಚಿನ ಪೈಲ್ವಾನ ಚಿತ್ ಆಗಿದ್ದಾನೆ. ಬಲ್ಲವರು ಅವನ ಎದೆಗಾರಿಕೆಯ ಗೊಡವೆಗೆ ಹೋಗುವುದಿಲ್ಲ. “ಕೆಳಗ ಸಿಕ್ಕಾಗ ತೂಕ ಮುಂದ ಹಾಕಿದ, ಘಿಸ್ಸಾ ಪಟ್ಟಿಗೆ ತಾನ ದಾರಿ ಮಾಡಿಕೊಟ್ಟ” ಎನ್ನುತ್ತಾರೆ. ಅದು ಬೈಗುಳವಲ್ಲ. ಪಟ್ಟು ಬಲ್ಲವನು ಪಟ್ಟಿನ ಲೆಕ್ಕ ಕೊಡುತ್ತಿದ್ದಾನೆ ಅಷ್ಟೇ, ಅದೂ ಬೆವರು ಆರುವ ಮೊದಲು. ಟೆನಿಸ್ ಅಭಿಮಾನಿ ಇದನ್ನೇ ಮಾಡಬೇಕು ಎಂಬುದು ನನ್ನ ವಾದ.

ಏಕೆಂದರೆ ಮರುದಿನ ಉಳಿಯುವುದು ಸ್ಕೋರು ಮತ್ತು ಎರಡು ನಿಮಿಷದ ತುಣುಕು ಮಾತ್ರ. 2019ರ ಜುಲೈ 14ರ ವಿಂಬಲ್ಡನ್ ಫೈನಲ್ ತೆಗೆದುಕೊಳ್ಳಿ, ಫೆಡರರ್ ಮತ್ತು ಜೊಕೊವಿಚ್ ನಡುವಿನದು. ಫೆಡರರ್ ಸೋತದ್ದು ಎಲ್ಲಿ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ “ಐದನೇ ಸೆಟ್, 8-7, 40-15” ಎನ್ನುತ್ತಾರೆ. ಎರಡು ಚಾಂಪಿಯನ್‌ಷಿಪ್ ಪಾಯಿಂಟ್ (ಒಂದು ಗೆದ್ದರೂ ಕಪ್ ಸಿಗುವ ಪಾಯಿಂಟ್) ಕೈಯಲ್ಲಿದ್ದವು. ಒಂದರಲ್ಲಿ ಫೋರ್‌ಹ್ಯಾಂಡ್ ಹೊರಹೋಯಿತು, ಇನ್ನೊಂದರಲ್ಲಿ ನೆಟ್‌ಗೆ ನುಗ್ಗಿದಾಗ ಜೊಕೊವಿಚ್ ಪಕ್ಕದಿಂದ ದಾಟಿಸಿದರು. ನಿಜ. ಆದರೆ ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ (ಗೇಮ್‌ಗಳು ಸಮವಾದಾಗ ಸೆಟ್ ತೀರ್ಮಾನಿಸಲು ಆಡುವುದು) ಫೆಡರರ್ 5-3 ಮುಂದಿದ್ದು ಸತತ ನಾಲ್ಕು ಪಾಯಿಂಟ್ ಬಿಟ್ಟುಕೊಟ್ಟದ್ದು ಎಷ್ಟು ಜನರಿಗೆ ನೆನಪಿದೆ? ಅದೇ ಸಂಜೆ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಬೇರೆ ಇತ್ತು. ರಿಮೋಟ್ ಅತ್ತಿತ್ತ ಒತ್ತುತ್ತ ನೋಡಿದವರಿಗೆ ಆ ಟೈಬ್ರೇಕ್ ಕಣ್ಣಿಗೇ ಬಿದ್ದಿರಲಿಕ್ಕಿಲ್ಲ. 4 ಗಂಟೆ 57 ನಿಮಿಷದ ಆ ಆಟದಲ್ಲಿ ಟೈಬ್ರೇಕ್ ಮೂರು, ಮೂರೂ ಜೊಕೊವಿಚ್ ಪಾಲು. ಆ ಮೂರರಲ್ಲಿ ಅವರು ತಾವಾಗಿ ಒಂದು ತಪ್ಪನ್ನೂ ಮಾಡಲಿಲ್ಲ. ಸೋಲಿನ ಬೇರು ಅಲ್ಲಿದೆ. 40-15 ಎಂಬುದು ಎಲ್ಲರ ಕಣ್ಣಿಗೆ ಕಾಣುವ ಕೊಂಬೆ.

2025ರ ಪ್ಯಾರಿಸ್ ಫೈನಲ್‌ದೂ ಅದೇ ಕತೆ. ಸಿನ್ನರ್ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಕಳೆದರು ಎಂದು ಊರೆಲ್ಲ ಮರುಗಿತು. ನಾಲ್ಕನೇ ಸೆಟ್, ಸಿನ್ನರ್ 5-3 ಮುಂದು. ಸರ್ವ್ ಮಾಡುತ್ತಿದ್ದವರು ಎದುರಾಳಿ ಅಲ್ಕರಾಝ್. ಎದುರಾಳಿಯ ಸರ್ವ್‌ನಲ್ಲಿ ಪಾಯಿಂಟ್ ಹೋದರೆ ಅದನ್ನು ದೊಡ್ಡ ತಪ್ಪೆನ್ನಲಾಗದು. ಅದರ ಮುಂದಿನ ಗೇಮ್‌ನಲ್ಲಿ, 5-4ರಲ್ಲಿ, ಚೆಂಡು ಸಿನ್ನರ್ ಕೈಯಲ್ಲಿತ್ತು. ಆ ಒಂದು ಗೇಮ್ ಉಳಿಸಿಕೊಂಡಿದ್ದರೆ ಕಪ್ ಅವರದು. ಉಳಿಸಿಕೊಳ್ಳಲಿಲ್ಲ. ಟೀಕೆ ಕೂರಬೇಕಾದ ಜಾಗ ಅದು. ಹೀಗೆ ಜಾಗ ಗುರುತಿಸುವ ಅಭಿಮಾನಿ ಆಟಗಾರನಿಗೆ ಅನ್ಯಾಯ ಮಾಡುವುದಿಲ್ಲ. ಗುರುತಿಸದೆ “ಪಾಪ, ನಸೀಬು” ಎಂದು ಸುಮ್ಮನಾಗುವವನೇ ಆಟವನ್ನು ಅರ್ಧ ನೋಡಿದವನು.

ಇದನ್ನು ಮಾಡುವ ಬಗೆ ಕಷ್ಟದ್ದಲ್ಲ. ಒಂದು ವಹಿ, ಒಂದು ಪೆನ್ನು ಸಾಕು. ಐದು ಸೆಟ್ ಆಟದಲ್ಲಿ ಮುನ್ನೂರು, ನಾನ್ನೂರು ಪಾಯಿಂಟ್ ಬರುತ್ತವೆ. ಎಲ್ಲ ಬರೆಯಹೋದರೆ ಎರಡನೇ ಸೆಟ್‌ಗೇ ಕೈ ಸೋತು ವಹಿ ಮೂಲೆ ಸೇರುತ್ತದೆ. ಆದ್ದರಿಂದ 30-30ರಿಂದ ಮುಂದಿನವು, ಡ್ಯೂಸ್ (40-40), ಬ್ರೇಕ್ ಪಾಯಿಂಟ್ (ಸರ್ವ್ ಮಾಡುವವನ ಗೇಮ್ ಕಸಿಯುವ ಅವಕಾಶ), ಟೈಬ್ರೇಕ್ ಇಷ್ಟನ್ನೇ ಬರೆಯಿರಿ. ಪ್ರತಿ ಪಾಯಿಂಟಿಗೆ ನಾಲ್ಕು ಮನೆ: ಸರ್ವ್ ಯಾರದು, ಮೊದಲನೆಯದು ಬಿತ್ತೋ ಎರಡನೆಯದೋ, ಎಷ್ಟು ಹೊಡೆತ ನಡೆಯಿತು (ನಾಲ್ಕರೊಳಗೆ, ಎಂಟರೊಳಗೆ, ಅದಕ್ಕೂ ಮೇಲೆ), ಮುಗಿದದ್ದು ಹೇಗೆ. ಪಾಯಿಂಟ್ ಮತ್ತು ಪಾಯಿಂಟಿನ ನಡುವೆ 25 ಸೆಕೆಂಡ್ ಸಿಗುತ್ತದೆ, ನಾಲ್ಕು ಗುರುತಿಗೆ ಧಾರಾಳವಾಯಿತು. ಬದಿ ಬದಲಿಸುವ 90 ಸೆಕೆಂಡಿನಲ್ಲಿ ಹಿಂದಿನ ಸಾಲು ತಿದ್ದಿಕೊಳ್ಳಬಹುದು.

ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಟಿವಿಯಲ್ಲಿ ಬರುವ ‘ಅನ್‌ಫೋರ್ಸ್ಡ್ ಎರರ್’ (ಒತ್ತಡವಿಲ್ಲದೆ ತಾನಾಗಿ ಮಾಡಿದ ತಪ್ಪು) ಅಂಕಿಯನ್ನೇ ಸೋಲಿನ ಕಾರಣ ಎಂದು ಹಿಡಿದುಬಿಡುತ್ತಾರೆ. ಆ 2019ರ ಆಟದಲ್ಲಿ ಫೆಡರರ್ 62, ಜೊಕೊವಿಚ್ 52. ಇಷ್ಟೇ ನೋಡಿದರೆ ಫೆಡರರ್ ಸಡಿಲ ಆಡಿದರು ಅನ್ನಿಸುತ್ತದೆ. ಪಕ್ಕದ ಸಾಲಿನಲ್ಲಿ ವಿನ್ನರ್‌ಗಳು (ಎದುರಾಳಿಗೆ ಮುಟ್ಟಲಾಗದೆ ಗೆದ್ದ ಹೊಡೆತಗಳು) 94ಕ್ಕೆ 54 ಇವೆ. ಮೇಲೆ ಬಿದ್ದು ಆಡುವವನು ತಪ್ಪುವುದೂ ಹೆಚ್ಚು, ಗೆಲ್ಲುವುದೂ ಹೆಚ್ಚು; ಎರಡನ್ನೂ ಕೂಡಿಸಿ ಕಳೆದು ನೋಡಬೇಕು. ಅದೂ ಅಲ್ಲದೆ ಯಾವುದು ಒತ್ತಡದ ತಪ್ಪು, ಯಾವುದು ತಾನಾಗಿ ಮಾಡಿದ್ದು ಎಂದು ನಿರ್ಧರಿಸುವವನು ಅಂಕಿ ದಾಖಲಿಸುವ ಒಬ್ಬ ಮನುಷ್ಯ.

ಇನ್ನೊಂದು ಮಾತು ನಮ್ಮೂರಿನವರಿಗೇ. ಜೂನ್, ಜುಲೈ ಬಂತೆಂದರೆ ಬೆಳಗಾವಿಯ ಮಳೆ ನಿಮಗೆ ಗೊತ್ತಿದೆ. ಮಣ್ಣಿನ ಕೋರ್ಟು ಕೆಸರಾಗಿ ವಾರಗಟ್ಟಲೆ ರೋಲರ್ ಹಾಯುವುದಿಲ್ಲ. ಪ್ಯಾರಿಸ್ ಫೈನಲ್, ವಿಂಬಲ್ಡನ್ ಎರಡೂ ಸರಿಯಾಗಿ ಆಗಲೇ ಬರುತ್ತವೆ. ಆ ಎರಡು ತಿಂಗಳು ಆಟ ಕಲಿಯುವ ಹುಡುಗರಿಗೆ ನೋಡುವುದೇ ತಾಲೀಮು. ಗೆದ್ದ ಆಟ ನೋಡಿ ಚಪ್ಪಾಳೆ ತಟ್ಟಲು ಕಲಿಯಬಹುದು. 5-4ರಲ್ಲಿ ಎರಡನೇ ಸರ್ವ್ ಎಲ್ಲಿ ಹಾಕಬೇಕಿತ್ತು ಎಂಬುದನ್ನು ಸೋತ ಆಟವೇ ಕಲಿಸಬೇಕು. ಮೂರು ದಿನ ಬಿಟ್ಟು ಕೇಳಿದರೆ ಆ ಹುಡುಗ ಸರ್ವ್ ಬಿದ್ದ ಜಾಗವನ್ನೇ ಮರೆತಿರುತ್ತಾನೆ.

ವಿರೋಧ: ಆ ರಾತ್ರಿ ನಮಗೆ ಗೊತ್ತಿರುವುದು ಬಹಳ ಕಡಿಮೆ

2025ರ ಜನವರಿಯಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಜೊಕೊವಿಚ್ ಝ್ವೆರೆವ್ ವಿರುದ್ಧ ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಸೋತು ಕೈಕುಲುಕಿ ಹೊರಟುಬಿಟ್ಟರು. ದುಡ್ಡು ಕೊಟ್ಟು ಬಂದವರಲ್ಲಿ ಹಲವರು ಕೂಗಿ ಅವಮಾನಿಸಿದರು. ಹಾಗೆ ಮಾಡಬೇಡಿ ಎಂದು ಗೆದ್ದ ಝ್ವೆರೆವ್ ತಾವೇ ಜನರನ್ನು ಕೇಳಿಕೊಳ್ಳಬೇಕಾಯಿತು. ಮರುದಿನ ಜೊಕೊವಿಚ್ ಎಂಆರ್‌ಐ ಚಿತ್ರವನ್ನೇ ಎಲ್ಲರ ಮುಂದಿಟ್ಟರು: ತೊಡೆಯ ಹಿಂಬದಿಯ ಸ್ನಾಯು ಹರಿದಿತ್ತು. ಅಂಗಳದಲ್ಲೇ ಕೂತು ಕಣ್ಣಾರೆ ಕಂಡವರಿಗೇ ಗೊತ್ತಾಗದ್ದು ವಿಜಯಪುರದಲ್ಲೋ ಬೆಳಗಾವಿಯಲ್ಲೋ ಟಿವಿ ಮುಂದೆ ಕೂತವರಿಗೆ ಗೊತ್ತಾಗುವುದು ಹೇಗೆ? ಆಟಗಾರರು ನೋವನ್ನು ಮುಚ್ಚಿಡುತ್ತಾರೆ. ಮುಚ್ಚಿಡಲೇಬೇಕು, ತಿಳಿದರೆ ಎದುರಾಳಿ ಆ ಕಾಲಿನ ಕಡೆಗೇ ಚೆಂಡು ಹಾಕುತ್ತಾನೆ.

ಕುಸ್ತಿಯ ಹೋಲಿಕೆ ಕೇಳಲು ಚೆನ್ನ, ಆದರೆ ಇಲ್ಲಿ ಹೊಂದುವುದಿಲ್ಲ. ನಿಕಾಲಿ (ಸೋಲು ಗೆಲುವು ತೀರ್ಮಾನವಾಗುವ) ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಮುಗಿಯಿತು. ಕಾರಣವಾದ ಪಟ್ಟು ಅದರ ಹಿಂದಿನ ಕ್ಷಣದಲ್ಲೇ ಇದೆ, ಸಾವಿರ ಜನ ಕಂಡಿದ್ದಾರೆ. ಟೆನಿಸ್‌ನಲ್ಲಿ ಹಾಗೆ ಒಂದು ಕ್ಷಣ ಇಲ್ಲ. 2019ರ ಆ ಫೈನಲ್‌ನಲ್ಲಿ ಆಡಿದ ಪಾಯಿಂಟುಗಳು 422. ಫೆಡರರ್ ಗೆದ್ದದ್ದು 218, ಜೊಕೊವಿಚ್ 204. ಹದಿನಾಲ್ಕು ಪಾಯಿಂಟ್ ಹೆಚ್ಚು ಗೆದ್ದವನು ಸೋತ ಆಟದಲ್ಲಿ “ಇಲ್ಲಿ ತಪ್ಪಿದ” ಎಂದು ಬೆರಳಿಡುವವನು ಆಟದ ಸ್ವಭಾವವನ್ನೇ ಬಿಟ್ಟು ಮಾತಾಡುತ್ತಿದ್ದಾನೆ.

ಲೆಕ್ಕ ಹಾಕಿಯೇ ನೋಡೋಣ. ಒಳ್ಳೆಯ ಸರ್ವ್ ಇರುವವನು ತನ್ನ ಸರ್ವ್‌ನಲ್ಲಿ ನೂರಕ್ಕೆ 65 ಪಾಯಿಂಟ್ ಗೆಲ್ಲುತ್ತಾನೆ ಎಂದಿಟ್ಟುಕೊಳ್ಳಿ. 40-15ರಲ್ಲಿ ಎರಡೂ ಪಾಯಿಂಟ್ ಕಳೆಯುವ ಸಾಧ್ಯತೆ 0.35ರ ವರ್ಗ, ಅಂದರೆ ನೂರರಲ್ಲಿ ಸುಮಾರು 12 ಸಲ. ಧೈರ್ಯಗೆಡದೆ, ಕೈ ನಡುಗದೆ ಆಡಿದರೂ ಆ 12 ಸಲ ಬಂದೇ ಬರುತ್ತದೆ. ಪ್ಯಾರಿಸ್‌ನಲ್ಲಿ ಅಲ್ಕರಾಝ್ 0-40ರಿಂದ ಮೂರು ಪಾಯಿಂಟ್ ಎತ್ತಬೇಕಿತ್ತು: 0.65ರ ಘನ, 27 ಸಲ. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಇದನ್ನು ಪವಾಡ ಎನ್ನುವುದೂ ತಪ್ಪು, ಸಿನ್ನರ್ ಕೈಚೆಲ್ಲಿದರು ಎನ್ನುವುದೂ ತಪ್ಪು. 2024ರ ಜೂನ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ಫೆಡರರ್ ತಮ್ಮದೇ ಲೆಕ್ಕ ಹೇಳಿದ್ದರು. ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ ನೂರಕ್ಕೆ 80 ಗೆದ್ದಿದ್ದರು, ಪಾಯಿಂಟುಗಳಲ್ಲಿ ಗೆದ್ದದ್ದು 54 ಭಾಗ ಮಾತ್ರ. ಜಗತ್ತಿನ ಶ್ರೇಷ್ಠನೂ ಹೆಚ್ಚುಕಡಿಮೆ ಅರ್ಧದಷ್ಟು ಪಾಯಿಂಟ್ ಸೋಲುತ್ತಾನೆ. ಅದರಲ್ಲಿ ಎರಡನ್ನು ಹೆಕ್ಕಿ ತಪ್ಪು ಎನ್ನಲು ನಡುರಾತ್ರಿಯ ಸಿಟ್ಟಿಗೆ ಮಾತ್ರ ಸಾಧ್ಯ.

ವಹಿ ಇಡಿ ಎಂಬ ಸಲಹೆಗೆ ನನ್ನ ತಕರಾರಿಲ್ಲ, ಒಳ್ಳೆಯದೇ. ತಕರಾರಿರುವುದು ಅದೇ ರಾತ್ರಿ ತೀರ್ಪು ಬರೆಯುವುದಕ್ಕೆ. ಸಿನ್ನರ್ ಸೋತದ್ದು ಜೂನ್ 8ಕ್ಕೆ. ಜುಲೈ 13ಕ್ಕೆ ಅದೇ ಅಲ್ಕರಾಝ್‌ರನ್ನು ವಿಂಬಲ್ಡನ್ ಫೈನಲ್‌ನಲ್ಲಿ ಮೊದಲ ಸೆಟ್ ಸೋತ ಮೇಲೂ ನಾಲ್ಕು ಸೆಟ್‌ಗಳಲ್ಲಿ ಮಣಿಸಿದರು. 35 ದಿನ. ಇನ್ನೂ ಹೇಳಬೇಕೆಂದರೆ ಪ್ಯಾರಿಸ್‌ನ ಐದನೇ ಸೆಟ್‌ನಲ್ಲೇ, ಅಲ್ಕರಾಝ್ 5-4ರಲ್ಲಿ ಗೆಲುವಿಗೆ ಸರ್ವ್ ಮಾಡುವಾಗ ಸಿನ್ನರ್ ಅದನ್ನು ಮುರಿದಿದ್ದರು. 5-4ರ ಲೆಕ್ಕ ಕೇಳುವವರು ಈ 5-4ನ್ನೂ ಎದುರಿಗಿಡಬೇಕು.

ನಮ್ಮ ರಾಜ್ಯದ ರೋಹನ್ ಬೋಪಣ್ಣ ಅವರನ್ನೇ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಎಬ್ಡೆನ್ ಜೊತೆಗೂಡಿ ಯುಎಸ್ ಓಪನ್ ಡಬಲ್ಸ್ ಫೈನಲ್. ಮೊದಲ ಸೆಟ್ 6-2 ಗೆದ್ದು, ಮುಂದಿನ ಎರಡು 3-6, 4-6 ಸೋತರು. ವಯಸ್ಸು 43. ಪುರುಷರ ಡಬಲ್ಸ್‌ನಲ್ಲಿ ಒಂದು ಗ್ರ್ಯಾಂಡ್ ಸ್ಲಾಮ್ ಗೆಲ್ಲುವ ಹೊತ್ತು ಮೀರಿತು ಎಂದು ಆ ರಾತ್ರಿ ಬರೆದಿಟ್ಟವನ ವಹಿ ನಾಲ್ಕೇ ತಿಂಗಳಿಗೆ ಸುಳ್ಳಾಯಿತು: 2024ರ ಜನವರಿಯಲ್ಲಿ ಅದೇ ಜೋಡಿ ಆಸ್ಟ್ರೇಲಿಯನ್ ಓಪನ್ ಗೆದ್ದಿತು, ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು.

ಇನ್ನು ಬಯ್ಯುವವರ ವಿಷಯ. ತಿಳಿದವರು ಹೊಡೆತದ ಬಗ್ಗೆಯೇ ಮಾತಾಡುತ್ತಾರೆ, ಒಪ್ಪಿದೆ. ಆದರೆ ಮೊಬೈಲಿನಲ್ಲಿ ತಿಳಿದವರ ಮಾತಿನ ಬೆನ್ನಿಗೆ ಬೇರೆಯವರ ಮಾತೂ ಬರುತ್ತದೆ. ಮಹಿಳಾ ಟೆನಿಸ್ ಸಂಘಟನೆ ಮತ್ತು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2024ರ ಸಾಲಿನ ಲೆಕ್ಕ ಹೊರಹಾಕಿದಾಗ 458 ಆಟಗಾರರ ಮೇಲೆ ಸುಮಾರು 8,000 ನಿಂದನೆಯ ಬರಹಗಳು ಬಿದ್ದದ್ದು ಕಂಡುಬಂತು. ಅದರಲ್ಲಿ ನೂರಕ್ಕೆ 40 ಬಾಜಿ ಕಟ್ಟಿ ದುಡ್ಡು ಕಳೆದುಕೊಂಡವರದು. ಸೋತ ಗಂಟೆಯಲ್ಲಿ ನಾವು ಬರೆಯುವ ಪ್ರಾಮಾಣಿಕ ಟೀಕೆಯೂ ಆ ರಾಶಿಯ ನಡುವೆಯೇ ಹೋಗಿ ಬೀಳುತ್ತದೆ. ಓದುವ ಆಟಗಾರ್ತಿ ಯಾವುದು ಯಾರದೆಂದು ಬೇರ್ಪಡಿಸುತ್ತ ಕೂರುತ್ತಾಳೆಯೇ?

ಹಾಗಾಗಿ ಆ ರಾತ್ರಿ ಗುರುತು ಹಾಕಿಕೊಂಡು ಮಲಗಿ. ಮೂರ್ನಾಲ್ಕು ದಿನ ಬಿಟ್ಟು ಪೂರ್ತಿ ಆಟವನ್ನು ಮತ್ತೊಮ್ಮೆ ನೋಡಿ, ವಿವರಣೆಯ ದನಿ ಆರಿಸಿ. ಆಗ ಕಣ್ಣು ಚೆಂಡನ್ನು ಬಿಟ್ಟು ಕಾಲುಗಳ ಕಡೆ ಹೋಗುತ್ತದೆ, ರಿಟರ್ನ್‌ಗೆ ಬೇಸ್‌ಲೈನಿನಿಂದ ಎಷ್ಟು ಹಿಂದೆ ನಿಂತಿದ್ದಾನೆ ಎಂಬುದು ಕಾಣುತ್ತದೆ. ವಹಿಯ ಪುಟದ ಕೆಳಗೆ ‘ಕಾರಣ’ ಎಂದು ಬರೆದು, ಅದರ ಮುಂದಿನ ಜಾಗವನ್ನು ಆ ಆಟಗಾರ ಮುಂದಿನ ಟೂರ್ನಿ ಆಡಿ ಮುಗಿಸುವವರೆಗೆ ಖಾಲಿ ಬಿಡಿ.