ಕಾಫಿ ಸೊರಗು ರೋಗ: ಎರವಲು ಜೀನ್‌ಗಳ ಕೈವಾಡ

ಕಾಫಿ ಗಿಡವನ್ನೇ ಒಣಗಿಸಿ ಕೊಲ್ಲುವ ಆಫ್ರಿಕಾದ ಸೊರಗು ರೋಗದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ತೊಗಟೆ ಕೆರೆದರೆ ಕಾಣುವ ಆ ನೀಲಿಗಪ್ಪು ಗೆರೆಗಳ ಫೋಟೊ ಹಾಕಿದ್ದು ಒಳ್ಳೆಯದಾಯ್ತು. ಆದರೆ ಈ ರೋಗ ತರುವ ಫ್ಯುಸೇರಿಯಂ ಕ್ಸೈಲೇರಿಯಾಯ್ಡಿಸ್ ಶಿಲೀಂಧ್ರ ‘ನಿಧಾನಕ್ಕೆ ರೂಪಾಂತರಗೊಂಡಿತು’ ಎಂದು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಲ್ಲ, ಸ್ವಾರಸ್ಯ ಇರುವುದೇ ಅಲ್ಲಿ. ದಶಕಗಳ ಹಿಂದೆ ಸಂಗ್ರಹಿಸಿ ಶೈತ್ಯದಲ್ಲಿಟ್ಟಿದ್ದ ಈ ಶಿಲೀಂಧ್ರದ ತಳಿಗಳನ್ನು ಮತ್ತೆ ಬೆಳೆಸಿ ಜೀನೋಮ್ (ಪೂರ್ತಿ ಡಿಎನ್‌ಎ) ಓದಿದ ಅಧ್ಯಯನ 2024ರಲ್ಲಿ ಪ್ಲಾಸ್ ಬಯಾಲಜಿ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದಿದೆ. ಅದರ ಪ್ರಕಾರ ಹತ್ತಿರದ ನೆಂಟ ಫ್ಯುಸೇರಿಯಂ ಆಕ್ಸಿಸ್ಪೋರಂನಿಂದ ಡಿಎನ್‌ಎ ತುಂಡುಗಳು ಇಡಿಯಾಗಿ ಇದಕ್ಕೆ ಬಂದು ಸೇರಿವೆ. ಹೊತ್ತು ತಂದದ್ದು ‘ಸ್ಟಾರ್‌ಶಿಪ್’ ಎಂಬ ದೈತ್ಯ ಜಿಗಿಯುವ ಜೀನ್‌ಗಳು, ಅಂದರೆ ಹಲವು ಜೀನ್‌ಗಳನ್ನು ಹೊತ್ತು ಜಾಗ ಬದಲಿಸುವ ಉದ್ದನೆಯ ಡಿಎನ್‌ಎ ತುಂಡುಗಳು. ಇವುಗಳ ಒಂದು ತುದಿಯಲ್ಲಿ ‘ಕ್ಯಾಪ್ಟನ್’ ಜೀನ್ ಇರುತ್ತದೆ. ಅದು ತಯಾರಿಸುವ ಕಿಣ್ವವೇ ಇಡೀ ತುಂಡನ್ನು ಹೊಸ ಜಾಗದಲ್ಲಿ ಕೂರಿಸುವುದು. ಉಳಿದದ್ದೆಲ್ಲ ಸರಕು, ಅದರಲ್ಲಿ ಗಿಡಕ್ಕೆ ರೋಗ ತರಲು ನೆರವಾಗುವ ಜೀನ್‌ಗಳೂ ಸೇರಿವೆ.

ಎರಡೂ ಶಿಲೀಂಧ್ರಗಳು ಭೇಟಿಯಾದದ್ದೆಲ್ಲಿ? ಸಂಶೋಧಕರ ಗುಮಾನಿ ಬಾಳೆಯ ಮೇಲಿದೆ: ಆಕ್ಸಿಸ್ಪೋರಂ ಬಾಳೆ ಬೇರಿನಲ್ಲೂ ಇರುತ್ತದೆ, ಆಫ್ರಿಕಾದ ತೋಟಗಳಲ್ಲಿ ಕಾಫಿ ಮಧ್ಯೆ ಬಾಳೆ ಮಾಮೂಲು. (ನಮ್ಮ ಮಲೆನಾಡಲ್ಲೂ ಹಾಗೇ, ಸದ್ಯ ಈ ರೋಗ ಆಫ್ರಿಕಾ ದಾಟಿಲ್ಲ.) ಮುಂದಿನ ಕಂತಿನಲ್ಲಿ ಇದನ್ನೂ ಬರೆಯಿರಿ ಸರ್.