ಸಂಕಕ್ಕೂ ಒಂದು ಮಾಡು

ಅಪ್ಪ ಮೊದಲ ಸಲ ಇಲ್ಲಿಗೆ, ಅಮೆರಿಕಕ್ಕೆ, ಬಂದಾಗ ಕಾರ್ನಿಷ್–ವಿಂಡ್ಸರ್ ಸೇತುವೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಕನೆಕ್ಟಿಕಟ್ ನದಿಗೆ ಅಡ್ಡಲಾಗಿ ಸುಮಾರು 450 ಅಡಿ ಉದ್ದದ ಮರದ ಸೇತುವೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹೊಕ್ಕರೆ ವರ್ಮಾಂಟ್‌ನಲ್ಲಿ ಹೊರಬರಬಹುದು. ಎರಡೂ ಪಕ್ಕಕ್ಕೆ ಹಲಗೆಯ ಗೋಡೆ, ಮೇಲೆ ಮನೆಗಿರುವಂಥ ಇಳಿಜಾರಿನ ಮಾಡು. ಅಪ್ಪ ಕಾರಿನಿಂದಿಳಿದು ತಲೆಯೆತ್ತಿ ನೋಡಿ, "ಸಂಕಕ್ಕೂ ಮಾಡು ಹಾಕಿದಾರಲ್ಲ ಮಾರಾಯ! ಇದರೊಳಗೆ ಯಾರು ಮಲಗ್ತಾರೆ?" ಎಂದರು. ನಮ್ಮ ಮಲೆನಾಡಿನಲ್ಲಿ ಸಂಕ ಎಂದರೆ ಹಳ್ಳ ದಾಟುವ ಸಣ್ಣ ಸೇತುವೆ.

ಬಂದ ಹೊಸದರಲ್ಲಿ ನಾನೂ ಇದು ಜನರಿಗೆ, ಕುದುರೆಗಳಿಗೆ ಹಿಮ ತಾಗದಿರಲಿ ಎಂದು ಮಾಡಿದ್ದು ಅಂದುಕೊಂಡಿದ್ದೆ. ಅಸಲಿಗೆ ಆಗಿನವರಿಗೆ ಒಳಗೆ ಹಿಮ ಬೀಳದಿರುವುದೇ ತೊಂದರೆ. ಚಳಿಗಾಲದಲ್ಲಿ ಓಡಾಟವೆಲ್ಲ ಚಕ್ರವಿಲ್ಲದೆ ಹಿಮದ ಮೇಲೆ ಜಾರುವ ಜಾರುಬಂಡಿಯಲ್ಲಿ. ಹಾಗಾಗಿ ಹೊರಗಿನಿಂದ ಹಿಮ ತಂದು ಸೇತುವೆಯೊಳಗೆ ಹರಡಬೇಕಿತ್ತು! ಮಾಡು ಇರುವುದು ಸೇತುವೆಯನ್ನು ಉಳಿಸಲಿಕ್ಕೆ. ಭಾರ ಹೊರುವ ತೊಲೆಗಳ ಸಂದುಗಳಲ್ಲಿ ನೀರು ನಿಂತರೆ ಹತ್ತಿಪ್ಪತ್ತು ವರ್ಷಕ್ಕೆ ಮರ ಕೊಳೆತು ಲಡ್ಡು. ಒಣಗಿದ್ದರೆ ನೂರು ದಾಟುತ್ತದೆ. ಹಾಳಾದರೆ ಮಾಡಿನ ಹಲಗೆ ಹಾಳಾಗಲಿ, ಅದನ್ನು ಬದಲಿಸುವುದು ಸಲೀಸು.

ಇಷ್ಟು ಹೇಳಿದ ಮೇಲೆ ಅಪ್ಪನಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. "ಮಳೆಗಾಲಕ್ಕೆ ಗೋಡೆಗೆ ಸೋಗೆ ಕಟ್ಟಿದ ಹಾಗೆ" ಎಂದರು. ಮಲೆನಾಡಿನಲ್ಲಿ ಮಣ್ಣಿನ ಗೋಡೆಗೆ ಇರಿಚಲು ಹೊಡೆಯದಿರಲೆಂದು ಅಡಿಕೆ ಸೋಗೆಯ ತಟ್ಟಿ ಕಟ್ಟುವುದೂ ಇದೇ ಲೆಕ್ಕ.

ಈಗಿನ ಸೇತುವೆ 1866ರದು. ಇದೇ ಜಾಗದಲ್ಲಿ ಇದು ನಾಲ್ಕನೆಯದು. ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಎಂಬಿಬ್ಬರು 9,000 ಡಾಲರಿಗೆ ಕಟ್ಟಿದರು. ಪಕ್ಕದ ಗೋಡೆಯೊಳಗೆ ಮರಗಳು ಜಾಲರಿಯಂತೆ ಓರೆಯಾಗಿ ಒಂದನ್ನೊಂದು ದಾಟುತ್ತವೆ. ಇಥಿಯೆಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿ ಪೇಟೆಂಟ್ ಪಡೆದ ವಿಧಾನವದು. ಬಾಗಿಲ ಮೇಲಿನ ಹಲಗೆ ಇವತ್ತಿಗೂ ಕುದುರೆಗಳನ್ನು ಓಡಿಸದೆ ನಡೆಸಿ, ಇಲ್ಲವೇ ಎರಡು ಡಾಲರ್ ದಂಡ ಕಟ್ಟಿ ಎನ್ನುತ್ತದೆ.

ಇಂಥದ್ದನ್ನು ನೋಡಿದ ಕೂಡಲೇ ನಮ್ಮ ಹೊರನಾಡ ಗೆಳೆಯರಿಗೆ ಒಂದು ಮಾತು ಬಾಯಿಗೆ ಬರುತ್ತದೆ: "ಇವರನ್ನು ನೋಡಿ ಕಲೀಬೇಕು, ನಮ್ಮವರಿಗೆ ಹಳೇದರ ಬೆಲೆ ಗೊತ್ತಿಲ್ಲ." ನನಗೆ ಇದು ಸೋಮಾರಿ ಮಾತು ಅನ್ನಿಸುತ್ತದೆ. ಈ ದೇಶದಲ್ಲಿ ಇಂಥ ಸೇತುವೆಗಳು ಸಾವಿರಾರು ಇದ್ದವು. ನೆರೆ, ಬೆಂಕಿ, ಕಬ್ಬಿಣ, ಕಾಂಕ್ರೀಟು ಸೇರಿ ಬಹುಪಾಲನ್ನು ನುಂಗಿದವು. ಕಾರ್ನಿಷ್ ಸೇತುವೆ ಉಳಿದದ್ದು ಬರೀ ಪ್ರೀತಿಯಿಂದಲ್ಲ, ಕಾಸಿನಿಂದಲೂ ಹೌದು. ಅದನ್ನು ಕಟ್ಟಿಸಿದ್ದು ಸುಂಕ ವಸೂಲಿ ಮಾಡುವ ಖಾಸಗಿ ಕಂಪನಿ. ಸೇತುವೆ ಬಿದ್ದರೆ ಆದಾಯವೂ ಬಿತ್ತು! 1936ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸರ್ಕಾರ ಕೊಂಡ ಮೇಲೂ ಸುಂಕ ನಿಂತದ್ದು 1943ಕ್ಕೆ. 1989ರ ದುರಸ್ತಿಗೆ 44 ಲಕ್ಷ ಡಾಲರ್ ದಾಟಿತು. ಕಟ್ಟಿದವರು ಕೇಳಿದ್ದರೆ ಹೊಳೆಗೆ ಹಾರುತ್ತಿದ್ದರೇನೋ. ಆ ದುರಸ್ತಿಯಲ್ಲಿ ಹಲಗೆಗಳನ್ನು ಅಂಟಿಸಿ ಮಾಡಿದ ಹೊಸ ಕಾಲದ ತೊಲೆಗಳನ್ನೂ ಸೇರಿಸಿದರು. ಈಗಲೂ ಅದರೊಳಗೆ ಕಾರು ಓಡುತ್ತದೆ.

ವರ್ಮಾಂಟ್‌ನ ಬಾರ್ಟನ್ಸ್‌ವಿಲ್ ಸೇತುವೆಯದು ಇನ್ನೊಂದು ಕತೆ. 1870ರದು. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ನೆರೆಗೆ ಸಿಕ್ಕಿ ಹೊಳೆಗೆ ಬಿತ್ತು. ಜನ ದಡದಲ್ಲಿ ನಿಂತು ವಿಡಿಯೋ ಮಾಡಿದ್ದಾರೆ, ನೋಡಿದರೆ ಹೊಟ್ಟೆ ಚುರ್ ಎನ್ನುತ್ತದೆ. ಊರವರು ಕಾಂಕ್ರೀಟಿಗೆ ಹೋಗದೆ 2013ರ ಹೊತ್ತಿಗೆ ಅಲ್ಲೇ ಮತ್ತೆ ಮರದ್ದೇ ಕಟ್ಟಿಸಿಕೊಂಡರು. ಅದು ಹಳೆಯದೋ ಹೊಸದೋ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಕಾಲುಸಂಕದ ಊರಿಂದ ಬಂದ ನನಗೆ ಈ ಪ್ರಶ್ನೆಯೇ ವಿಚಿತ್ರ.

ನಮ್ಮ ಹಳ್ಳಕ್ಕೆ ಹಾಕುತ್ತಿದ್ದ ಸಂಕದ ಆಯಸ್ಸು ಒಂದೆರಡು ಮಳೆಗಾಲ. ಅಡಿಕೆ ಮರದ ಕಾಂಡ, ಮೇಲೆ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಮಳೆ ಹಿಡಿಯುವ ಮೊದಲು ಮನೆಗೊಬ್ಬ ಆಳಿನಂತೆ ಮುಯ್ಯಾಳು ಸೇರಿ ಹೊಸದು ಹಾಕಿದರಾಯಿತು. ಅದರಲ್ಲಿ ಹಳೆಯ ಮರ ಒಂದೂ ಇರುತ್ತಿರಲಿಲ್ಲ. ಆದರೂ ಅದು ಅಜ್ಜಯ್ಯನ ಕಾಲದ ಸಂಕವೇ. ಮಾಡು ಹಾಕಿ ಮರ ಉಳಿಸುವುದು ಇವರ ದಾರಿ, ಮರ ಹೋದರೆ ಹೋಗಲಿ, ಮುಯ್ಯಾಳು ಉಳಿದರೆ ಸಾಕು ಎನ್ನುವುದು ನಮ್ಮದು. ನಮ್ಮದು ಕೀಳೆಂದು ನನಗೆ ಅನ್ನಿಸುವುದಿಲ್ಲ. ತೊಂದರೆ ಏನೆಂದರೆ, ಆ ಮುಯ್ಯಾಳೇ ಬೆಂಗಳೂರಿಗೆ, ಇತ್ತ ಬಾಸ್ಟನ್ನಿಗೆ ಬಂದು ಕೂತಿದ್ದಾನೆ.

ಹಾಗಂತ ಕಾಲುಸಂಕವನ್ನೇ ಉಳಿಸಿ ಎಂದು ಇಲ್ಲಿಂದ ಕೂತು ಬರೆಯಲು ನಾಚಿಕೆಯಾಗುತ್ತದೆ. ಶಾಲೆಗೆ ಹೋಗುವ ಮಕ್ಕಳು ಸಂಕದಿಂದ ಜಾರಿ ಹಳ್ಳದ ಪಾಲಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅಲ್ಲಿ ಕಾಂಕ್ರೀಟೇ ಬರಲಿ, ಬೇಗ ಬರಲಿ. ನನ್ನ ತಕರಾರು ಅದರ ನಂತರದ್ದು. ಕಾಂಕ್ರೀಟು ಬಂತೆಂದರೆ ನಮ್ಮಲ್ಲಿ ಕೆಲಸ ಮುಗಿದಂತೆ. ಮೋರಿಗೆ ಸಿಕ್ಕಿಕೊಂಡ ದಿಮ್ಮಿ ತೆಗೆಯುವವರಿಲ್ಲ, ಕಿತ್ತುಹೋದ ಪಕ್ಕದ ಕಂಬಿ ಕಿತ್ತೇ ಇರುತ್ತದೆ. ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವ ಮನೆಯವರೇ ಸೇತುವೆಯ ವಿಷಯ ಬಂದರೆ ಅದು ಪಂಚಾಯ್ತಿಯದು ಅನ್ನುತ್ತಾರೆ.

ಕಳೆದ ಜೂನಿನಲ್ಲಿ ಅಪ್ಪ ಫೋನಿನಲ್ಲಿ, ನಮ್ಮ ಹಳ್ಳಕ್ಕೂ ಕಬ್ಬಿಣದ ಸಂಕ ಬರುವುದಿದೆ ಎಂದರು. ವರ್ಷ ವರ್ಷ ಬಣ್ಣ ಹೊಡೆಯುವವರು ಯಾರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೂ ಒಂದು ಮಾಡು ಹಾಕಿಸಿದ್ರೆ ಹೆಂಗೆ?" ಎಂದರು.