ಕೌಂಟ್ ಬಿದ್ದ ವಾರ

ಹೋದ ತಿಂಗಳು ಸಿಂಧನೂರಿನ ನಮ್ಮ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಆ ಇಂಜೆಕ್ಷನ್ನೇ ಹುಡುಗನ್ನ ತಿಂತಾ ಇದೆ, ನಿಲ್ಲಿಸಿಬಿಡಿ."

ಹುಡುಗ ನನ್ನ ಅಕ್ಕನ ಮಗ. ಏಳು ವರ್ಷ. ಎ.ಎಲ್.ಎಲ್. ಅನ್ನೋ ರಕ್ತದ ಕ್ಯಾನ್ಸರ್, ಬೆಂಗಳೂರಿನಲ್ಲಿ ಚಿಕಿತ್ಸೆ. ಮೊದಲ ಹಂತ ಮುಗಿದಾಗ ಮಜ್ಜೆ ಪರೀಕ್ಷೆಯಲ್ಲಿ ಕ್ಯಾನ್ಸರ್ ಕೋಶ ಕಾಣಲಿಲ್ಲ ಅಂದರು. ಮನೆಯಲ್ಲಿ ಹೋಳಿಗೆ ಮಾಡಿದೆವು. ಎರಡನೇ ಹಂತ ಶುರುವಾಗಿ ಎರಡು ವಾರಕ್ಕೆ ರಕ್ತದ ರಿಪೋರ್ಟ್ ಬಂತು. ಕೌಂಟ್, ಅಂದರೆ ರಕ್ತದ ಕಣಗಳ ಲೆಕ್ಕ, ತೀರಾ ಕೆಳಗೆ ಬಿದ್ದಿತ್ತು. ಬಿಳಿ ಕಣ 900, ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ 18,000. ಅಕ್ಕ ಆ ಕಾಗದ ಹಿಡಿದು ಅಡುಗೆಮನೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಾಯಿಲೆ ತಿರುಗಿ ಬಂತು ಅಂದುಕೊಂಡಿದ್ದಳು.

ಬಂದಿರಲಿಲ್ಲ. ಆದದ್ದೇನು ಅಂತ ನಿಧಾನಕ್ಕೆ ಕೂರಿಸಿ ಹೇಳುವವರು ಇರಲಿಲ್ಲ, ಅಷ್ಟೇ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಭತ್ತ ಬೆಳೆಯುವ ನಮ್ಮವರಿಗೆ ಇದು ಬೇಗ ತಿಳಿಯುತ್ತೆ. ಎಲುಬಿನೊಳಗಿನ ಮಜ್ಜೆ ಸಸಿ ಮಡಿ ಇದ್ದ ಹಾಗೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಹುಟ್ಟೋದು ಅಲ್ಲೇ. ಲ್ಯುಕೇಮಿಯಾ, ಅಂದರೆ ಈ ರಕ್ತದ ಕ್ಯಾನ್ಸರ್, ಬಂದಾಗ ಆ ಮಡಿಯಲ್ಲಿ ಕಳೆ ತುಂಬಿಕೊಂಡು ಸಸಿಗೆ ಜಾಗ ಇರೋದಿಲ್ಲ. ಕ್ಯಾನ್ಸರ್ ಕೊಲ್ಲೋಕೆ ಕೊಡುವ ಕೀಮೋ ಔಷಧಿಗೆ ಕಳೆ ಯಾವುದು, ಸಸಿ ಯಾವುದು ಅನ್ನೋ ಗುರುತಿಲ್ಲ. ಯಾವ ಕೋಶ ಬೇಗ ಬೇಗ ಒಂದು ಎರಡಾಗುತ್ತಿದೆಯೋ ಅದಕ್ಕೆ ಹೊಡೆಯುತ್ತೆ. ನಮ್ಮ ಹುಡುಗನಿಗೆ ಕೊಟ್ಟ ಸೈಟರಾಬಿನ್, ಸೈಕ್ಲೋಫಾಸ್ಫಮೈಡ್, 6-ಎಂಪಿ ಮಾತ್ರೆ ಎಲ್ಲವೂ ಮಡಿಗೆ ಜೋರಾಗಿ ತಾಗುವಂಥವು. ವಿನ್‌ಕ್ರಿಸ್ಟಿನ್ ಅಷ್ಟು ತಾಗೋದಿಲ್ಲ, ಅದರ ತೊಂದರೆ ನರಗಳಿಗೆ. ಅಂದಹಾಗೆ ಅದು ಸಿಗೋದು ನಮ್ಮ ಅಂಗಳದ ಸದಾಪುಷ್ಪ ಗಿಡದಿಂದ. ಎಲೆ ಕುದಿಸಿ ಕುಡಿಯೋ ವಿಷಯ ಅಲ್ಲ ಅದು, ಆದರೆ ಗೊತ್ತಾದ ಮೇಲೆ ಅಕ್ಕ ಆ ಗಿಡಕ್ಕೆ ಒಂದು ದಿನವೂ ನೀರು ತಪ್ಪಿಸಿಲ್ಲ.

ಇಂಜೆಕ್ಷನ್ ಕೊಟ್ಟ ದಿನ ಚೆನ್ನಾಗಿ ಆಡಿಕೊಂಡಿದ್ದ ಹುಡುಗ ಹತ್ತು ದಿನ ಆದಮೇಲೆ ಯಾಕೆ ಸೊರಗಿದ? ಹೊಡೆತ ಬಿದ್ದದ್ದು ಮಡಿಗೆ. ರಕ್ತದಲ್ಲಿ ಆಗಲೇ ಓಡಾಡುತ್ತಿರುವ ಕಣಗಳು ತೀರುವವರೆಗೆ ಅದು ಹೊರಗೆ ಕಾಣೋದಿಲ್ಲ. ಸೋಂಕಿನ ಜೊತೆ ಮೊದಲು ಹೋರಾಡುವ ನ್ಯೂಟ್ರೋಫಿಲ್ ರಕ್ತದಲ್ಲಿ ಇರೋದು ಹೆಚ್ಚೆಂದರೆ ಒಂದು ದಿನ. ಮಜ್ಜೆಯಲ್ಲಿರುವ ದಾಸ್ತಾನು ಕೆಲವು ದಿನ ನಡೆಸುತ್ತೆ, ಆಮೇಲೆ ಖಾಲಿ. ಪ್ಲೇಟ್‌ಲೆಟ್ ಎಂಟು ಹತ್ತು ದಿನ ಬಾಳುತ್ತೆ. ಕೆಂಪು ಕಣಕ್ಕೆ 120 ದಿನ ಆಯಸ್ಸು, ಹಾಗಾಗಿ ಹಿಮೋಗ್ಲೋಬಿನ್ ಇಳಿಯೋದು ನಿಧಾನ. ಸಾಮಾನ್ಯವಾಗಿ ಒಂದರಿಂದ ಎರಡು ವಾರದ ನಡುವೆ ಕೌಂಟ್ ತಳ ಮುಟ್ಟುತ್ತೆ. ಮೂರು ನಾಲ್ಕು ವಾರಕ್ಕೆ ಏರುತ್ತೆ.

ಏರೋದು ಹೇಗೆ? ಮಡಿಯ ಮಣ್ಣಲ್ಲಿ ಇನ್ನೂ ಮೊಳೆಯದ ಬೀಜ ಉಳಿದಿರುತ್ತೆ. ಅವೇ ಮೂಲಕೋಶಗಳು. ಅವುಗಳಲ್ಲಿ ಬಹುಪಾಲು ಸುಮ್ನೆ ಮಲಗಿರುತ್ತವೆ, ಎರಡಾಗುವ ಅವಸರ ಇರೋದಿಲ್ಲ. ಹಾಗಾಗಿ ಔಷಧಿಯ ಕೈಗೆ ಸಿಗೋದು ಕಡಿಮೆ. ಹೊಡೆತ ನಿಂತಮೇಲೆ ಅವು ಎದ್ದು ಮತ್ತೆ ಮಡಿ ತುಂಬಿಸುತ್ತವೆ.

ಔಷಧಿ ಮುಂದೂಡಬೇಕಾ, ಪ್ರಮಾಣ ಇಳಿಸಬೇಕಾ ಅನ್ನೋದನ್ನ ಡಾಕ್ಟರ್ ಕೌಂಟ್ ನೋಡಿ ಹೇಳುತ್ತಾರೆ. ನಾವು ನೀವು ಕಟ್ಟೆ ಮೇಲೆ ಕೂತು ಹೇಳಬಾರದು. ಈ ಕಾಯಿಲೆ ಬಂದ ಮಕ್ಕಳಿಗೆ ಒಂದು ಕಾಲಕ್ಕೆ ಏನೂ ಇರಲಿಲ್ಲ. ಬಾಸ್ಟನ್‌ನ ಸಿಡ್ನಿ ಫಾರ್ಬರ್ 1948ರಲ್ಲಿ ಮೊದಲ ಸಲ ಔಷಧಿಯಿಂದ ಮಕ್ಕಳ ಲ್ಯುಕೇಮಿಯಾ ಸ್ವಲ್ಪ ಕಾಲ ಹಿಂದೆ ಸರಿದದ್ದನ್ನು ಬರೆದರು. ಆ ಔಷಧಿ ಬಂದದ್ದು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಇವತ್ತು ಚಿಕಿತ್ಸೆ ಪೂರ್ತಿ ಮುಗಿಸಿದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಅರ್ಧಕ್ಕೆ ಬಿಟ್ಟರೆ ಪರೀಕ್ಷೆಗೆ ಕಾಣದೆ ಉಳಿದ ಕಳೆ ಮತ್ತೆ ಚಿಗುರಬಹುದು.

ಭಯ ಪಡಬೇಕಾದದ್ದು ಜ್ವರಕ್ಕೆ. 900 ಬಿಳಿ ಕಣದಲ್ಲಿ ನ್ಯೂಟ್ರೋಫಿಲ್ ನೂರಕ್ಕೆ ಇಪ್ಪತ್ತಿತ್ತು, ಅಂದರೆ 180. ಅದು 500ಕ್ಕಿಂತ ಕೆಳಗಿದ್ದಾಗ ಸೋಂಕು ತಗುಲಿದರೆ ಗಂಟೆಗಳಲ್ಲಿ ಜೀವಕ್ಕೆ ಬರಬಹುದು. ಕೀವೂ ಆಗೋದಿಲ್ಲ, ಯಾಕಂದರೆ ಕೀವು ಆಗೋದೇ ಆ ಕಣಗಳಿಂದ. ಎಷ್ಟೋ ಸಲ ಜ್ವರ ಒಂದೇ ಸುಳಿವು. ರಾತ್ರಿ ಹನ್ನೊಂದಕ್ಕೆ ಥರ್ಮಾಮೀಟರ್ 101 ತೋರಿಸಿತು. ಹತ್ತಿರದ ಒಂದು ಕ್ಲಿನಿಕ್‌ಗೆ ಓಡಿದೆವು. ಕೀಮೋ ನಡೀತಿದೆ ಅಂತ ಅಕ್ಕ ಮೂರು ಸಲ ಹೇಳಿದಳು. ಪ್ಯಾರಾಸಿಟಮಾಲ್ ಕೊಟ್ಟು, ಬೆಳಿಗ್ಗೆ ಬನ್ನಿ ಅಂದರು. ನನಗೆ ಇವತ್ತಿಗೂ ಸಂಕಟ ಆಗುತ್ತೆ. ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಅದೇ ರಾತ್ರಿ ಇನ್ನೊಂದು ಆಸ್ಪತ್ರೆಗೆ ಹೋಗಿ ನರದಲ್ಲಿ ಆಂಟಿಬಯಾಟಿಕ್ ಹಾಕಿಸಿದೆವು. ಇಂಥ ಮಗುವಿಗೆ 100.4 ದಾಟಿದರೆ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ ಔಷಧಿ ಮೈ ಸೇರಬೇಕು.

ಪಪ್ಪಾಯಿ ಎಲೆ ರಸ ತಂದವರಿಗೆ ನಾನು ಬೇಡ ಅಂದೆ, ಬೇಜಾರು ಮಾಡಿಕೊಂಡರು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಬೀಳುವ ಕಾರಣವೇ ಬೇರೆ. ಇಲ್ಲಿ ಹಸಿ ರಸದ ಜೊತೆ ಸೋಂಕೂ ಒಳಗೆ ಹೋಗಬಹುದು. ಹುಡುಗನಿಗೆ ಬೇಕಾಗಿದ್ದು ಪ್ಲೇಟ್‌ಲೆಟ್ಟೇ. ಆ ಚೀಲ ನಾನು ಅವತ್ತೇ ಮೊದಲು ನೋಡಿದ್ದು. ಕೆಂಪಗಿರಲಿಲ್ಲ, ತಿಳಿ ಸಾರಿನ ಹಳದಿ. ಐದು ದಿನಕ್ಕಿಂತ ಜಾಸ್ತಿ ಇಡೋಕಾಗಲ್ಲವಂತೆ, ಫ್ರಿಜ್ಜಿನಲ್ಲೂ ಇಡುವಂತಿಲ್ಲ. ಕೊಟ್ಟವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ನಾಲ್ಕನೇ ವಾರ ನ್ಯೂಟ್ರೋಫಿಲ್ 1,100ಕ್ಕೆ ಏರಿತು. ಸೋಮವಾರ ಮತ್ತೆ ಬೆಂಗಳೂರಿಗೆ ರಾತ್ರಿ ಬಸ್ಸು. ಕೌಂಟ್ ಇನ್ನೊಮ್ಮೆ ಬೀಳುತ್ತೆ. ಆಗ ನೋಡೋಕೆ ಬರುವವರು ಹೊರಗೆ ಕಟ್ಟೆ ಮೇಲೆ ಕೂತು ಮಾತಾಡಿಸಿ. ನೆಗಡಿ ಇದ್ದರೆ ಫೋನ್ ಮಾಡಿ. ಅವನು ಕಿಟಕಿ ಹತ್ತಿರಾನೇ ಕೂತಿರುತ್ತಾನೆ.